ಹುರಿಯುವಾಗಲೇ ಕರೆಂಟ್ ಹೋದರೆ ಏನು ಮಾಡುತ್ತೀರಿ? ಜನರೇಟರ್ ತಗೊಳ್ಳಲಾ?

ನಾಪೋಕ್ಲು_ಕಾಫಿಪುಡಿ:
ನಮಸ್ಕಾರ. ಕಾಫಿ ಹುರಿದು ಪುಡಿ ಮಾಡುವ ಚಿಕ್ಕ ಘಟಕ ನಮ್ಮದು. 15 ಕೆಜಿ ಹಿಡಿಯುವ ಗ್ಯಾಸ್ ರೋಸ್ಟರ್, ಒಂದು ಗ್ರೈಂಡರ್, ಅಷ್ಟೇ. ಜೂನ್ ಬಂತೆಂದರೆ ಗಾಳಿಮಳೆಗೆ ಲೈನ್ ಮೇಲೆ ಮರ ಬೀಳುತ್ತದೆ. ಅದಕ್ಕೆ ಯಾರನ್ನು ದೂರುವುದು? ದಿನವಿಡೀ ಕರೆಂಟ್ ಇಲ್ಲ ಅಂದರೆ ಆವತ್ತು ಕೆಲಸವನ್ನೇ ಶುರು ಮಾಡುವುದಿಲ್ಲ. ನಿಜವಾದ ಹೊಡೆತ ಹೇಳದೆ ಕೇಳದೆ ಹತ್ತು ನಿಮಿಷ ಹೋಗಿ ಬರುವ ಕರೆಂಟ್‌ನದು. ಬೀಜ ಚಟಪಟ ಸಿಡಿಯುವ ಹೊತ್ತಿಗೆ ಡ್ರಮ್ ನಿಂತರೆ, ಗ್ಯಾಸ್ ಆರಿಸಿದರೂ ಕಬ್ಬಿಣದ ಕಾವಿಗೇ ಅಡಿಯ ಬೀಜ ಕರಕಲಾಗುತ್ತದೆ, ಡ್ರಮ್ ತಿರುಗದೆ ಅದು ಪೂರ್ತಿ ಹೊರಗೂ ಬರುವುದಿಲ್ಲ. ಹೋದ ವಾರ ಎರಡು ಸಲ ಹೀಗಾಯಿತು. 30 ಕೆಜಿ ಹಾಳು. ಜನರೇಟರ್ ಹಾಕಿದರೆ ಗಿಟ್ಟುತ್ತದಾ?

ಗೋಣಿಕೊಪ್ಪ_ಗಿರಣಿ:
ನಮ್ಮಲ್ಲಿದೆ. ಲೀಟರ್ ಡೀಸೆಲ್‌ಗೆ 3 ಯೂನಿಟ್ ಬಂದರೆ ದೊಡ್ಡದು. ಡೀಸೆಲ್ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 30 ಆಯ್ತಲ್ವಾ? ಅರ್ಧ ಲೋಡ್‌ನಲ್ಲಿ ಓಡಿಸಿದರೆ ಇನ್ನೂ ನಷ್ಟ. ಹಾಗಂತ ಬರೀ ಮಳೆಗಾಲದ ಲೆಕ್ಕ ಹಾಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ತಡವಾದರೆ ರೊಬಸ್ಟಾ ತೋಟದವರೆಲ್ಲ ಒಟ್ಟಿಗೆ ಪಂಪ್ ಹಾಕುತ್ತಾರೆ, ವೋಲ್ಟೇಜ್ ಕುಸಿಯುತ್ತದೆ. ಮೂರು ಫೇಸ್‌ನಲ್ಲಿ ಒಂದು ಹೋಗಿದ್ದು ಗೊತ್ತಾಗದೆ ನನ್ನ ಹಲ್ಲರ್ (ಸಿಪ್ಪೆ ಬಿಡಿಸುವ ಯಂತ್ರ) ಮೋಟರ್ ಎರಡು ಸಲ ಸುಟ್ಟಿದೆ. ಮೊದಲು ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ, ಒಂದು ಫೇಸ್ ಹೋದ ತಕ್ಷಣ ಅದು ಮೋಟರ್ ನಿಲ್ಲಿಸುತ್ತದೆ.

ಮಡಿಕೇರಿ_ಓದುಗ:
ಇದು ನಮ್ಮೂರಿನದಷ್ಟೇ ಗೋಳಲ್ಲ. ಭಾರತದ ಕಾರ್ಖಾನೆಗಳ ಬಗ್ಗೆ 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ವಿದ್ಯುತ್ ಕೊರತೆಯಿಂದ ಅವುಗಳ ಆದಾಯ ಸರಾಸರಿ ಶೇ. 5ರಿಂದ 10ರಷ್ಟು ಕಡಿಮೆಯಾಗುತ್ತದೆ. ಹೆಚ್ಚು ಪೆಟ್ಟು ಚಿಕ್ಕ ಘಟಕಗಳಿಗೇ, ಯಾಕೆಂದರೆ ಚಿಕ್ಕ ಜನರೇಟರ್‌ನ ಖರ್ಚು ಯೂನಿಟ್ ಲೆಕ್ಕದಲ್ಲಿ ದೊಡ್ಡದಕ್ಕಿಂತ ಜಾಸ್ತಿ. ದಕ್ಷಿಣ ಆಫ್ರಿಕಾದಲ್ಲಿ 2023ರಲ್ಲಿ ದಿನಾ ಗಂಟೆಗಟ್ಟಲೆ ಕರೆಂಟ್ ತೆಗೆಯುತ್ತಿದ್ದರು. ಬಹಳ ಕಷ್ಟವಾಯಿತು, ಆದರೂ ಯಾವ ಬಡಾವಣೆಗೆ ಎಷ್ಟು ಹೊತ್ತಿಗೆ ಅಂತ ಮೊದಲೇ ಪಟ್ಟಿ ಬರುತ್ತಿತ್ತು. ಅಂಥದ್ದೊಂದು ಮೆಸೇಜ್ ಬಂದರೂ ನಿಮ್ಮ 30 ಕೆಜಿ ಉಳಿಯುತ್ತಿತ್ತು. ನಾವು ಒತ್ತಾಯ ಮಾಡಬೇಕಾದದ್ದು ಅದನ್ನೇ.

ಗೋಣಿಕೊಪ್ಪ_ಗಿರಣಿ:
ರಿಪೇರಿಗೆ ಲೈನ್ ತೆಗೆಯುವುದಾದರೆ ಸರಿ, ಹೇಳಬಹುದು. ಮರ ಮೆಸೇಜ್ ಹಾಕಿ ಬೀಳುವುದಿಲ್ಲವಲ್ಲ.

ಕುಶಾಲನಗರ_ವೈರಿಂಗ್:
ಪೂರ್ತಿ ಘಟಕಕ್ಕೆ ಜನರೇಟರ್ ಯಾಕೆ? ಪುಡಿ ಮಾಡುವುದು ಕಾಯಬಹುದು, ಹುರಿಯುವುದು ಕಾಯುವುದಿಲ್ಲ. ಡ್ರಮ್, ಹೊಗೆ ಫ್ಯಾನ್, ತಣಿಸುವ ಟ್ರೇ, ಈ ಮೂರನ್ನು ಮಾತ್ರ ಇನ್ವರ್ಟರ್ ಮೇಲೆ ತನ್ನಿ. ನೀವು ಕಾಪಾಡಬೇಕಾದದ್ದು ಒಂದು ಸಲಕ್ಕೆ ಹುರಿಯುವಷ್ಟು ಬೀಜ, 20 ನಿಮಿಷ. ಮೋಟರ್ ತ್ರೀ ಫೇಸ್ ಆದರೆ ನಡುವೆ ವಿಎಫ್‌ಡಿ (ಮೋಟರ್ ವೇಗ ಹಿಡಿತದಲ್ಲಿಡುವ ಡ್ರೈವ್) ಹಾಕಬೇಕು, ಅದು ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುತ್ತದೆ. ಶುರುವಿನಲ್ಲಿ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುವುದೂ ತಪ್ಪುತ್ತದೆ. ಆದರೆ ಮೋಟರ್ 230 ವೋಲ್ಟ್ ಡೆಲ್ಟಾದಲ್ಲಿ (ಒಳಗಿನ ಮೂರು ಸುರುಳಿಗಳನ್ನು ತ್ರಿಕೋನದ ಹಾಗೆ ಜೋಡಿಸಿ) ಓಡುತ್ತದಾ ಅಂತ ನೇಮ್‌ಪ್ಲೇಟ್ ನೋಡದೆ ಏನೂ ಕೊಳ್ಳಬೇಡಿ.

ನಾಪೋಕ್ಲು_ಕಾಫಿಪುಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡ್ರಮ್ ಮೋಟರ್ 1 ಎಚ್‌ಪಿ, ತ್ರೀ ಫೇಸ್. ಪ್ಲೇಟ್ ಮೇಲೆ ಎಣ್ಣೆ ಕೂತಿದೆ, ಒರೆಸಿ ಸಂಜೆ ಫೋಟೊ ಹಾಕುತ್ತೇನೆ. ಈಗ ಕರೆಂಟ್ ಇಲ್ಲ, ಒಳಗೆ ಕತ್ತಲೆ.