ಫೈಬರ್‌ಗ್ಲಾಸ್ ಬಾಡಿಯ ಹಳೇ ಬಣ್ಣ: ಎಲ್ಲಿವರೆಗೆ ಕೆರೆಯಬೇಕು?

ಹಳೇಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1969ರ ಲೋಟಸ್ ಎಲಾನ್ ಪ್ಲಸ್ 2 ಇದೆ. ಎಂಜಿನ್ ಕೆಲಸ, ಚಾಸಿ ಕೆಲಸ ಎರಡೂ ಮುಗಿದಿವೆ. ಈಗ ಬಾಡಿಯ ಸರದಿ. ಮೇಲೆ ಕೆಂಪು, ಅದರಡಿ ನೀಲಿ, ಅದರಡಿ ಹಳದಿ, ನಡುನಡುವೆ ಯಾವ್ಯಾವುದೋ ಪ್ರೈಮರ್. ಬಾಗಿಲಿನ ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಬಣ್ಣದ ದಪ್ಪ ಬೆರಳಿಗೆ ತಡೆಯುತ್ತದೆ. ಹೆಡ್‌ಲೈಟ್ ಸುತ್ತ ಮತ್ತು ಬಾಗಿಲ ಹಿಂಜ್ ಹತ್ತಿರ ಜೇಡರ ಬಲೆಯ ಹಾಗೆ ಸಣ್ಣ ಬಿರುಕುಗಳಿವೆ.

ತಗಡಿನ ಗಾಡಿಗೆ ಹಚ್ಚುವ ಪೇಂಟ್ ರಿಮೂವರ್ ಹಚ್ಚಿ ಒಂದೇ ಸಲ ಕಿತ್ತುಬಿಡು ಅಂತ ಒಬ್ಬ ಗೆಳೆಯ. ಸ್ಯಾಂಡ್‌ಬ್ಲಾಸ್ಟ್ ಮಾಡಿಸು ಅಂತ ಇನ್ನೊಬ್ಬ. ನನಗೆ ಎರಡಕ್ಕೂ ಧೈರ್ಯ ಬರುತ್ತಿಲ್ಲ. ಇಷ್ಟೆಲ್ಲ ತೆಗೆಯುತ್ತಾ ಹೋದರೆ ಎಲ್ಲಿಗೆ ನಿಲ್ಲಿಸಬೇಕು ಅಂತ ಗೊತ್ತಾಗುವುದು ಹೇಗೆ?

ಸ್ಪ್ರೇಗನ್:

ಎರಡೂ ಬೇಡ. ರಿಮೂವರ್‌ನಲ್ಲಿ ಡೈಕ್ಲೋರೋಮೀಥೇನ್ ಅನ್ನುವ ಜೋರು ದ್ರಾವಕ ಇದ್ದರಂತೂ ಡಬ್ಬದ ಮುಚ್ಚಳವನ್ನೇ ತೆಗೆಯಬೇಡಿ. ನಿಮ್ಮ ಬಾಡಿ ಗಾಜಿನ ನಾರನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಕೂರಿಸಿ ಮಾಡಿದ್ದು. ಬಣ್ಣವನ್ನು ಮೆತ್ತಗೆ ಮಾಡುವ ದ್ರವ ಅದನ್ನೂ ಬಿಡುವುದಿಲ್ಲ. ಬಿರುಕಿನೊಳಗೆ ಇಳಿದು ಕೂತರೆ ಇನ್ನೂ ಕಷ್ಟ. ಹೊಸ ಬಣ್ಣ ಹೊಡೆದು ಎಷ್ಟೋ ದಿನದ ಮೇಲೆ ಗುಳ್ಳೆ ಏಳುತ್ತದೆ. ಸ್ಯಾಂಡ್‌ಬ್ಲಾಸ್ಟ್ ಮಾಡಿದರೆ ಜೆಲ್‌ಕೋಟ್ (ನಾರಿನ ಮೇಲಿರುವ ಬರೀ ರೆಸಿನ್‌ನ ನುಣುಪು ಪದರ) ಹಾರಿಹೋಗಿ ಗಾಜಿನ ನಾರು ಹೊರಗೆ ಬರುತ್ತದೆ. ಆಮೇಲೆ ಸೂಜಿಮೊನೆಯಷ್ಟು ತೂತುಗಳನ್ನು ತುಂಬುತ್ತಾ ಕೂರಬೇಕು. ಹೀಟ್‌ಗನ್ ಕೂಡ ಬೇಡ. ಬಿಸಿ ಜಾಸ್ತಿಯಾದರೆ ಪ್ಯಾನೆಲ್ ಸೊಟ್ಟಗಾಗುತ್ತದೆ.

ನಾನು ನಂಬುವುದು ಬ್ಲೇಡನ್ನು. ಅಗಲವಾದ ರೇಜರ್ ಬ್ಲೇಡ್ ತಗೊಳ್ಳಿ, ಅದರ ಎರಡು ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿ. ಹಾಗೆ ಮಾಡದಿದ್ದರೆ ಮೂಲೆ ಕಚ್ಚಿ ಗೀರು ಬೀಳುತ್ತದೆ. ಬ್ಲೇಡನ್ನು ಬಾಡಿಗೆ ಹೆಚ್ಚುಕಡಿಮೆ ಮಲಗಿಸಿಯೇ ತಳ್ಳಿ. ದಪ್ಪ ಹಳೇ ಬಣ್ಣ ಒಣಗಿ ಪೆಡಸಾಗಿರುತ್ತದೆ, ಚಕ್ಕೆಚಕ್ಕೆಯಾಗಿ ಹಾರುತ್ತದೆ. ನಿಮ್ಮದು ಅಷ್ಟು ಪದರ ಇರುವುದು ಒಳ್ಳೆಯದೇ, ತೆಳು ಬಣ್ಣ ಕೆರೆಯುವುದೇ ನಿಜವಾದ ಕಾಟ. ಉಳಿದದ್ದನ್ನು 120ರ ಸ್ಯಾಂಡ್‌ಪೇಪರ್ ಹಾಕಿ ಕೈಯಲ್ಲೇ ಉಜ್ಜಿ. ಅಂಚುಗಳಿಗೆ, ಉಬ್ಬು ಗೆರೆಗಳಿಗೆ ಮಷೀನ್ ತಾಗಿಸಬೇಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಜೆಲ್‌ಕೋಟ್ ದಾಟಿಬಿಡುತ್ತದೆ.

ಇನ್ನು ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು. ಮೊದಲು ಯಾರಿಗೂ ಕಾಣದ ಒಂದು ಜಾಗದಲ್ಲಿ ಅಂಗೈ ಅಗಲ ಉಜ್ಜಿ ನೋಡಿ. ನಡುವೆ ಆಳವಾಗಿ, ಅಂಚಿಗೆ ಹೋದಂತೆ ಹಗುರವಾಗಿ. ಕೆಂಪು, ನೀಲಿ, ಹಳದಿ, ಪ್ರೈಮರ್ ಎಲ್ಲ ಸುತ್ತುಸುತ್ತಾಗಿ ಕಾಣುತ್ತವೆ. ನಡುವಿನಲ್ಲಿ ನುಣುಪಾಗಿ, ಗಟ್ಟಿಯಾಗಿ, ನಾರಿಲ್ಲದೆ ಕಾಣುವುದೇ ಜೆಲ್‌ಕೋಟ್. ನಾರಿನ ಚಿತ್ತಾರ ಕಂಡಿತೋ, ನೀವು ಜಾಸ್ತಿ ಇಳಿದಿದ್ದೀರಿ ಅಂತ. ಫ್ಯಾಕ್ಟರಿಯ ಮೊದಲ ಪ್ರೈಮರ್ ಭದ್ರವಾಗಿ ಹಿಡಿದುಕೊಂಡಿದ್ದರೆ ನಾನಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಬಿರುಕಿರುವ ಕಡೆ ಮಾತ್ರ ಜೆಲ್‌ಕೋಟ್‌ವರೆಗೂ ಹೋಗಲೇಬೇಕು.

ಬಿಳಿಧೂಳು:

ರಿಮೂವರ್ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಫೈಬರ್‌ಗ್ಲಾಸ್‌ಗೆಂದೇ ಮಾಡಿದ ರಿಮೂವರ್‌ಗಳಿವೆ. ಬಾನೆಟ್, ರೂಫ್ ತರದ ಬಿರುಕಿಲ್ಲದ ಜಾಗಕ್ಕೆ ಅವು ನಡೆಯುತ್ತವೆ. ಒಣಗಲು ಬಿಡದೆ ತೆಗೆದು, ಡಬ್ಬದ ಮೇಲೆ ಹೇಳಿದ ಹಾಗೆ ತೊಳೆಯಬೇಕು ಅಷ್ಟೇ. ಕೊನೆಯ ಪದರವನ್ನು ಮಾತ್ರ ಪೇಪರ್‌ಗೆ ಬಿಟ್ಟುಬಿಡಿ.

ಧೂಳಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಗಾಜಿನ ಪುಡಿ ಚರ್ಮಕ್ಕೆ ಹತ್ತಿದರೆ ರಾತ್ರಿ ನಿದ್ದೆ ಬರುವುದಿಲ್ಲ. ತುಂಬು ತೋಳಿನ ಬಟ್ಟೆ ಹಾಕಿ, ಮಣಿಕಟ್ಟಿಗೆ ಟೇಪ್ ಸುತ್ತಿ, ಪಿ100 ಅಥವಾ ಎಫ್‌ಎಫ್‌ಪಿ3 ಮಾಸ್ಕ್ ಹಾಕಿ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಣ್ಣ ಹೊಡೆಯುವಾಗ ಈ ಮಾಸ್ಕ್ ಸಾಲದು. 2ಕೆ ಪೇಂಟ್‌ನಲ್ಲಿ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಬಣ್ಣ) ಐಸೋಸಯನೇಟ್ ಅನ್ನುವ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಅದಕ್ಕೆ ಹೊರಗಿನಿಂದ ಗಾಳಿ ಬರುವ ಮಾಸ್ಕೇ ಬೇಕು.

ಕಾರ್ವೆಟ್_ಪ್ರೇಮಿ:

ಇದನ್ನು ಓದುವ ಕಾರ್ವೆಟ್‌ನವರಿಗೆ (ಅದೂ ಫೈಬರ್‌ಗ್ಲಾಸ್ ಬಾಡಿಯ ಕಾರೇ) ಒಂದು ಮಾತು. ನನ್ನದು 1975ರದ್ದು. ಇದರ ಪ್ಯಾನೆಲ್‌ಗಳು ಅಚ್ಚಿನಲ್ಲಿ ಒತ್ತಿ ಮಾಡಿದವು, ಮೇಲೆ ಜೆಲ್‌ಕೋಟೇ ಇಲ್ಲ. ಜೆಲ್‌ಕೋಟ್ ಸಿಗಲಿ ಅಂತ ಉಜ್ಜುತ್ತಾ ಹೋದರೆ ಸುಮ್ನೆ ಬಾಡಿ ಸವೆಸಿದ ಹಾಗೆ. ಪ್ಯಾನೆಲ್‌ಗಳನ್ನು ಅಂಟಿಸಿದ ಜೋಡಣೆಯ ಗೆರೆಗಳನ್ನೂ ನೋಡಿಕೊಳ್ಳಿ, ಹೊಸ ಬಣ್ಣದ ಮೇಲೆ ಮತ್ತೆ ಎದ್ದು ಕಾಣುವುದು ಅವೇ.

ಹಳೇಗಾಡಿ:

ತುಂಬಾ ಥ್ಯಾಂಕ್ಸ್. ಡಿಕ್ಕಿ ಬಾಗಿಲಿನ ಒಳ ಅಂಚಿನಲ್ಲಿ ಉಜ್ಜಿ ನೋಡಿದೆ, ಹಳದಿಯ ಕೆಳಗೆ ಬೂದು ಪ್ರೈಮರ್ ಗಟ್ಟಿಯಾಗಿಯೇ ಇದೆ. ಬಿರುಕುಗಳಿಗೆ ಪುಟ್ಟಿ ತುಂಬಿ ಉಜ್ಜಿದರೆ ಸಾಕಲ್ವಾ?

ಸ್ಪ್ರೇಗನ್:

ಸಾಲದು. ಸ್ವಲ್ಪ ದಿನ ಮುಚ್ಚಿಕೊಂಡಿರುತ್ತದೆ, ಆಮೇಲೆ ಅದೇ ಬಲೆ ಅದೇ ಜಾಗದಲ್ಲಿ. ಜೆಲ್‌ಕೋಟ್‌ಗೆ ಬಾಗುವ ಗುಣ ಕಡಿಮೆ, ಹಿಂದಿನ ಪ್ಯಾನೆಲ್ ಬಾಗಿದಾಗೆಲ್ಲ ಅದು ಒಡೆಯುತ್ತದೆ. ಬಿರುಕಿನ ಪಕ್ಕ ಹೆಬ್ಬೆರಳಿಂದ ಒತ್ತಿ ನೋಡಿ. ಪ್ಯಾನೆಲ್ ಬಳುಕಿದರೆ ರಿಪೇರಿ ಶುರುವಾಗಬೇಕಾದ್ದು ಹಿಂದಿನಿಂದ. ಅಲ್ಲಿನ ಎಣ್ಣೆ, ಡಾಂಬರಿನಂಥ ಅಂಡರ್‌ಕೋಟ್ ಎಲ್ಲ ತೆಗೆದು, ಒರಟಾಗಿ ಉಜ್ಜಿ, ರೆಸಿನ್‌ನಲ್ಲಿ ನೆನೆಸಿದ ಗಾಜಿನ ಮ್ಯಾಟ್ ಎರಡು ಪದರ ಕೂರಿಸಿ. ಎರಡನೆಯದು ಮೊದಲಿನದಕ್ಕಿಂತ ಅಗಲವಾಗಿರಲಿ. ಹಿಂಜ್ ಹತ್ತಿರವಾದರೆ ಹಿಂಜೇ ಬಿಗಿಯಾಗಿ ಎಳೆಯುತ್ತಿದೆಯಾ ಅಂತಲೂ ನೋಡಿ.

ಆಮೇಲೆ ಮುಂದಿನ ಭಾಗ. ಪ್ರತಿ ಬಿರುಕನ್ನೂ ಸಣ್ಣ ಗ್ರೈಂಡರ್ ಕಲ್ಲಿನಿಂದ ವಿ ಆಕಾರಕ್ಕೆ ತೆರೆದು, ಅದರ ತುದಿಯನ್ನೂ ದಾಟಿ ಸ್ವಲ್ಪ ಮುಂದೆ ಹೋಗಿ ತುಂಬಿ. ಒಂದು ಸಂಗತಿ ಮರೆಯಬೇಡಿ: ಪಾಲಿಯೆಸ್ಟರ್ ಮೇಲೆ ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಚೆನ್ನಾಗಿ ಹಿಡಿಯುತ್ತದೆ, ಆದರೆ ಒಣಗಿದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ರೆಸಿನ್ ಅಷ್ಟು ಹಿಡಿಯುವುದಿಲ್ಲ. ಆದ್ದರಿಂದ ರೆಸಿನ್ ಕೆಲಸ ಪೂರ್ತಿ ಮುಗಿಸಿ, ಬಾಡಿಯನ್ನು ಬೆಚ್ಚಗಿನ ಒಣ ಜಾಗದಲ್ಲಿ ಕೆಲವು ವಾರ ಬಿಟ್ಟು, ಆಮೇಲೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ದಪ್ಪ 2ಕೆ ಪ್ರೈಮರ್. ಉದ್ದನೆಯ ಬ್ಲಾಕ್ ಹಿಡಿದು ಉಜ್ಜಿ, ಕೊನೆಗೆ 600ರ ವಾಟರ್ ಪೇಪರ್.

ಬಾಗಿಲು, ಬಾನೆಟ್ ಸಂದುಗಳನ್ನು ಸರಿಮಾಡುವಾಗ ಬಾಡಿ ಚಾಸಿ ಮೇಲೆ ಬೋಲ್ಟ್ ಆಗಿಯೇ ಇರಲಿ. ಸ್ಟ್ಯಾಂಡ್ ಮೇಲಿಟ್ಟ ಬಾಡಿ ಬಳುಕುತ್ತದೆ, ಅಲ್ಲಿ ಸರಿಯಾಗಿ ಕೂತ ಬಾಗಿಲು ಚಾಸಿ ಮೇಲೆ ಹೋದಾಗ ಕೂರುವುದಿಲ್ಲ. ಬಣ್ಣ ಹೊಡೆಯುವ ಮುಂಚೆ ಸ್ಟ್ಯಾಟಿಕ್ ತೆಗೆಯುವ ಬಟ್ಟೆಯಿಂದ ಒರೆಸಿ. ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ ಹರಿಯದ ಕಾರಣ ಧೂಳು ಬಂದು ಅಂಟುತ್ತಲೇ ಇರುತ್ತದೆ. ಬೂತ್‌ನಲ್ಲಿ ಒಣಗಿಸುವುದಾದರೆ ಇದು ತಗಡಲ್ಲ ಅಂತ ಅವರಿಗೆ ಮೊದಲೇ ಹೇಳಿ. 40 ಡಿಗ್ರಿ ಆಸುಪಾಸು ಸಾಕು, ಬೇಕಾದರೆ ಜಾಸ್ತಿ ಹೊತ್ತು ಇಡಲಿ.