ಆ 27 ಮೆಗಾಹರ್ಟ್ಸ್ ಕೆಳಕ್ಕೆ, ಮೇಲಕ್ಕಲ್ಲ

ಚಿಕ್ಕಪ್ಪ: [ಚಿತ್ರ] "ನಿರ್ವಾತ ಬರಿದಲ್ಲ! ಎಲೆಕ್ಟ್ರಾನ್ ಮತ್ತು ಅದರ ಧನಾವೇಶದ ಪ್ರತಿರೂಪವಾದ ಪಾಸಿಟ್ರಾನ್ ಜೋಡಿಜೋಡಿಯಾಗಿ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುತ್ತವೆ. ಈ ನಿರ್ವಾತ ಧ್ರುವೀಕರಣವೇ ಲ್ಯಾಂಬ್ ಪಲ್ಲಟಕ್ಕೆ ಕಾರಣ." ಎಲ್ಲರೂ ಓದಿ, ಮಕ್ಕಳಿಗೂ ತೋರಿಸಿ.

ನಾನು: ಚಿಕ್ಕಪ್ಪ, ಮಕ್ಕಳಿಗೆ ತೋರಿಸುವ ಮೊದಲು ಕೊನೆಯ ಸಾಲು ತಿದ್ದಬೇಕು. 1947ರಲ್ಲಿ ಭೌತವಿಜ್ಞಾನಿಗಳಾದ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಕಂಡದ್ದು, ಹೈಡ್ರೋಜನ್ನಿನ ಎಲೆಕ್ಟ್ರಾನ್ ಇರಬಹುದಾದ ಶಕ್ತಿಮಟ್ಟಗಳಲ್ಲಿ 2ಎಸ್ ಎಂಬ ಮಟ್ಟ 2ಪಿ ಎಂಬ ಮಟ್ಟಕ್ಕಿಂತ ಮೇಲಿದೆ ಎಂದು. ಆವರ್ತನದ ಲೆಕ್ಕದಲ್ಲಿ ಈ ಅಂತರ ಸುಮಾರು 1058 ಮೆಗಾಹರ್ಟ್ಸ್, ಇದೇ ಲ್ಯಾಂಬ್ ಪಲ್ಲಟ. ನಿರ್ವಾತ ಧ್ರುವೀಕರಣವಾದರೋ 2ಎಸ್ ಮಟ್ಟವನ್ನು 27 ಮೆಗಾಹರ್ಟ್ಸ್ ಕೆಳಗಿಳಿಸುತ್ತದೆ. ಭೌತವಿಜ್ಞಾನಿ ಯೂಲಿಂಗ್ 1935ರಲ್ಲೇ ಇದನ್ನು ಲೆಕ್ಕ ಹಾಕಿದ್ದರು.

ಚಿಕ್ಕಪ್ಪ: ಅದು ಹೇಗಪ್ಪಾ? ಜೋಡಿಗಳು ಪ್ರೋಟಾನಿಗೆ ಮುಸುಕು ಹಾಕಿದರೆ ಸೆಳೆತ ಕುಗ್ಗಬೇಕು. ಸೆಳೆತ ಕುಗ್ಗಿದರೆ ಮಟ್ಟ ಏರಬೇಕು. ನನ್ನ ತರ್ಕದಲ್ಲಿ ತಪ್ಪೆಲ್ಲಿದೆ ಹೇಳು.

ನಾನು: ಎಲ್ಲರೂ ಎಡವುವ ಜಾಗ ಇದೇ. ಪುಸ್ತಕದಲ್ಲಿರುವ ವಿದ್ಯುದಾವೇಶದ ಬೆಲೆ ದೂರದಿಂದ ಅಳೆದದ್ದು, ಮುಸುಕು ಅದರಲ್ಲಿ ಆಗಲೇ ಸೇರಿಹೋಗಿದೆ. ಹತ್ತಿರ ಹೋದಂತೆ ಮುಸುಕಿನ ಒಳಗೆ ಹೊಕ್ಕಂತೆ. ಆವೇಶ ಹೆಚ್ಚಾಗಿಯೇ ಕಾಣುತ್ತದೆ. ಬೋರ್ ತ್ರಿಜ್ಯದ, ಅಂದರೆ ಹೈಡ್ರೋಜನ್ ಪರಮಾಣುವಿನ ಸ್ಥೂಲ ತ್ರಿಜ್ಯದ, 137ನೇ ಒಂದು ಭಾಗದಷ್ಟು ಸಮೀಪದಲ್ಲಿ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ. 2ಎಸ್ ಎಲೆಕ್ಟ್ರಾನ್ ಅಲ್ಲಿಯವರೆಗೂ ಸುಳಿಯುತ್ತದೆ, 2ಪಿ ಹೆಚ್ಚುಕಡಿಮೆ ಆ ಕಡೆ ತಲೆಹಾಕುವುದಿಲ್ಲ. ಹೀಗಾಗಿ 2ಎಸ್‌ಗೆ ಬಿಗಿ ಹೆಚ್ಚು, ಮಟ್ಟ ಇಳಿಯುತ್ತದೆ.

ಅಕ್ಕ: ಮೇಲೆತ್ತುವುದು ಎಲೆಕ್ಟ್ರಾನ್ ತನ್ನದೇ ವಿಕಿರಣ ಕ್ಷೇತ್ರದೊಡನೆ ನಡೆಸುವ ಕೊಡುಕೊಳ್ಳುವಿಕೆ, ಭೌತವಿಜ್ಞಾನಿ ಬೆಥೆ ಅಂದಾಜು ಮಾಡಿದ್ದು ಅದನ್ನೇ. ಸರಿ, 1058ರಲ್ಲಿ 27ಕ್ಕಾಗಿ ಇಷ್ಟೊಂದು ವಾದ ಬೇಕೇ?

ನಾನು: ಬೇಕು ಅಕ್ಕ. ಆ 27 ಬಿಟ್ಟರೆ ಲೆಕ್ಕಕ್ಕೂ ಪ್ರಯೋಗಕ್ಕೂ ತಾಳೆಯಾಗುವುದಿಲ್ಲ. ಎಲೆಕ್ಟ್ರಾನಿನ ಬದಲು 207 ಪಟ್ಟು ಭಾರದ ಮ್ಯೂಯಾನ್ ಎಂಬ ಕಣ ಇಟ್ಟು ನೋಡು: ಕಕ್ಷೆ ಕುಗ್ಗುತ್ತದೆ, ಮುಸುಕಿನ ಪರಿಣಾಮವೇ ಉಳಿದೆಲ್ಲವನ್ನೂ ಮೀರಿಸುತ್ತದೆ, 2ಎಸ್ ಮಟ್ಟ 2ಪಿಗಿಂತ ಕೆಳಗೆ ಬೀಳುತ್ತದೆ. 2010ರಲ್ಲಿ ಪ್ರೋಟಾನಿನ ತ್ರಿಜ್ಯವನ್ನು 0.84 ಫೆಮ್ಟೋಮೀಟರ್ ಎಂದು ಅಳೆದದ್ದು ಇಂಥ ಪರಮಾಣುವಿನಲ್ಲಿಯೇ.

ಚಿಕ್ಕಪ್ಪ: ಒಪ್ಪಿದೆ. ಕೊನೆಯ ಸಾಲು ತೆಗೆದು ಮತ್ತೆ ಹಾಕುತ್ತೇನೆ.

ಅಕ್ಕ: "ಹುಟ್ಟಿ ಅಳಿಯುತ್ತವೆ" ಎಂಬುದನ್ನೂ ತೆಗೆಯಿರಿ ಚಿಕ್ಕಪ್ಪ. ಆ ಜೋಡಿಗಳನ್ನು ಯಾರೂ ಕಂಡಿಲ್ಲ. ಅಳೆದಿರುವುದು ಮಟ್ಟಗಳ ಅಂತರವನ್ನು ಮಾತ್ರ.

ಚಿಕ್ಕಪ್ಪ: ಅದನ್ನು ತೆಗೆಯುವುದಿಲ್ಲಮ್ಮ. ಮುಸುಕು ಇದೆ ಎಂದು ನೀವಿಬ್ಬರೂ ಹೇಳುತ್ತೀರಿ. ಹತ್ತು ವರ್ಷದ ಹುಡುಗಿ ಕೇಳಿದರೆ ಅದನ್ನು ಏನೆಂದು ಚಿತ್ರಿಸಿ ತೋರಿಸಲಿ?