ಹೊಲಿಗೆ ಕಲಿತರೂ ಮಿಷಿನ್ ಮೂಲೆ ಸೇರೋದು ಯಾಕೆ? – ಪ್ರಶ್ನೋತ್ತರ

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ಸ್ತ್ರೀಶಕ್ತಿ ಸಂಘದ ಸದಸ್ಯೆ):
ನಮಸ್ಕಾರ ಅಕ್ಕ. ಹೋದ ವರ್ಷ ನಮ್ಮೂರ ಸಮುದಾಯ ಭವನದಲ್ಲಿ ಮೂರು ತಿಂಗಳು ಹೊಲಿಗೆ ಕ್ಲಾಸ್ ನಡೀತು. 14 ಜನ ಕಲಿತ್ವಿ, ಸರ್ಟಿಫಿಕೇಟೂ ಬಂತು. ಈಗ ಹೊಲಿದು ದುಡ್ಡು ನೋಡ್ತಿರೋರು ಇಬ್ಬರೇ. ನನ್ನ ಮಿಷಿನ್ ಮೇಲೆ ಮಕ್ಕಳ ಸ್ಕೂಲ್ ಬ್ಯಾಗು ಕೂತವೆ. ಲಂಗ, ದಿಂಬಿನ ಕವರ್, ಸೀರೆಗೆ ಫಾಲ್ ಎಲ್ಲ ಬರುತ್ತೆ. ಯಾರಾದರೂ ರವಿಕೆ ಬಟ್ಟೆ ತಂದರೆ ಮಾತ್ರ ‘ಮಂಡ್ಯದಲ್ಲೇ ಕೊಟ್ಬಿಡಿ’ ಅಂತ ಕಳಿಸ್ತೀನಿ. ಸಂಘದಲ್ಲಿ ಇನ್ನೊಂದು ಬ್ಯಾಚ್ ಮಾಡೋಣ ಅಂತಾವ್ರೆ. ಹೇಗೆ ನಡೆಸಿದರೆ ಕೈಗೆ ನಾಲ್ಕು ಕಾಸು ಬರುತ್ತೆ?

ಉತ್ತರ (ಹೊಲಿಗೆ ಶಿಕ್ಷಕಿ, ಮಂಡ್ಯ):
ತಂಗಿ, ನಿಮಗೆ ಹೊಲಿಯೋಕೆ ಬರುತ್ತೆ, ಕತ್ತರಿ ಇಡೋಕೆ ಭಯ. 22 ವರ್ಷದಿಂದ ಕಲಿಸ್ತಿದ್ದೀನಿ, ಊರೂರಲ್ಲೂ ಇದನ್ನೇ ನೋಡಿದೀನಿ. ಪೆಡಲ್ ತುಳಿಯೋದು, ನೇರ ಹೊಲಿಗೆ, ಲಂಗ ಅಂತಲೇ ಎರಡು ತಿಂಗಳು ಕಳೆದುಹೋಗುತ್ತೆ. ಕಟಿಂಗ್ ಬರೋದು ಕೊನೇ ಹದಿನೈದು ದಿನ. ಅದನ್ನೂ ಬೋರ್ಡ್ ನೋಡಿ ನೋಟ್‌ಬುಕ್ಕಿಗೆ ಇಳಿಸ್ಕೊಂಡು ಮನೆಗೆ ಹೋಗ್ತಾರೆ. ಹಳ್ಳೀಲಿ ದುಡ್ಡು ತರೋದು ರವಿಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ತಂದ ರೇಷ್ಮೆ ಸೀರೆಯ ರವಿಕೆ ಬಟ್ಟೆ ಕೆಟ್ಟರೆ ಅದೇ ಅಂಚಿಂದು ಇನ್ನೊಂದು ಎಲ್ಲಿಂದ ತರೋದು? ಭಯ ಆಗೋದು ಸಹಜ ಕಣಮ್ಮ.

ಈ ಸಲ ಮೊದಲ ದಿನವೇ ಕೈಗೆ ಕತ್ತರಿ ಕೊಡಿ. ಒಂದು ವಾರ ನ್ಯೂಸ್ ಪೇಪರ್, ಆಮೇಲೆ ಮನೇಲಿರೋ ಹಳೇ ಹತ್ತಿ ಸೀರೆ. ಒಬ್ಬೊಬ್ಬರೂ ತಾವೇ ಅಳತೆ ತೆಗೆದು, ಕತ್ತರಿಸಿ, ಹತ್ತು ರವಿಕೆ ಹೊಲೀಬೇಕು. ಹತ್ತೂ ಬೇರೆ ಬೇರೆ ಮೈಕಟ್ಟಿನವರಿಗೆ. ಅದಾಗೋವರೆಗೂ ಸರ್ಟಿಫಿಕೇಟ್ ಮಾತೇ ಬೇಡ.

ಅಳತೆ ರವಿಕೆ ಒಂದನ್ನೇ ನಂಬಬೇಡಿ. ಒಗೆದು ಒಗೆದು ಅದು ಹಿಗ್ಗಿರುತ್ತೆ, ಹಳೇ ಟೈಲರ್ ಮಾಡಿದ ತಪ್ಪೂ ಅದರೊಳಗೇ ಇರುತ್ತೆ. ಟೇಪ್ ಹಿಡಿದು ಮೈ ಅಳತೆ ತಗೊಳ್ಳಿ. ಹೆಚ್ಚು ಕೆಡೋದು ಕಂಕುಳು. ಹುಲ್ಲಿನ ಹೊರೆ ಎತ್ತೋ ಹೆಂಗಸಿಗೆ ಕಂಕುಳಲ್ಲಿ ಹಿಡಿದರೆ ಆ ರವಿಕೆ ಎರಡನೇ ಸಲ ಹಾಕಲ್ಲ, ನಿಮ್ಮ ಹತ್ರ ಎರಡನೇ ಸಲ ಬರೋದೂ ಇಲ್ಲ. ಹಾಕಿಸಿ ನೋಡುವಾಗ ಎರಡೂ ಕೈ ತಲೆ ಮೇಲೆ ಎತ್ತಿಸಿ. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದು.

ಇನ್ನೊಂದು. ಲೈನಿಂಗ್‌ಗೆ, ಅಂದರೆ ಒಳಪದರಕ್ಕೆ ತಂದ ಹತ್ತಿ ಬಟ್ಟೆ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತೆ. ನಮ್ಮ ಅತ್ತಿಗೆ ಮದುವೆ ರವಿಕೆ ನಾನು ಹಾಗೇ ಕೆಡಿಸಿದ್ದೆ. ಇವತ್ತಿಗೂ ಆ ಹಸಿರು ಬಣ್ಣ ಕಣ್ಮುಂದೆ ಬರುತ್ತೆ. ಸೂಜಿ ರೇಷ್ಮೆಗೆ 11ನೇ ನಂಬರ್, ಹತ್ತಿಗೆ 14.

ಬ್ಯಾಚನ್ನ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ. ನಾಲೆಗೆ ನೀರು ಬಿಟ್ಟು ನಾಟಿ ಹತ್ತಿದರೆ ಕ್ಲಾಸಿಗೆ ಯಾರೂ ಬರಲ್ಲ. ಏಪ್ರಿಲ್‌ಗೆ ಮುಗಿದರೆ ಮದುವೆ ಕಾಲ, ಆಮೇಲೆ ಸ್ಕೂಲ್ ಯೂನಿಫಾರಂ, ಶ್ರಾವಣದಲ್ಲಿ ಹಬ್ಬ. ಕೆಲಸಕ್ಕೆ ಬರ ಇರಲ್ಲ.

ಪ್ರಶ್ನೆ (ಕೆ.ಆರ್. ಪೇಟೆ):
ನೆಂಟರು, ಪಕ್ಕದ ಮನೆಯವರ ಹತ್ರ ದುಡ್ಡು ಕೇಳೋಕೆ ಬಾಯಿ ಬರಲ್ಲ ಮೇಡಂ.

ಉತ್ತರ:
ಗೋಡೆಗೆ ರೇಟ್ ಬರೆದು ಅಂಟಿಸಿ, ಅದೇ ಕೇಳುತ್ತೆ. ಲೈನಿಂಗ್ ರವಿಕೆಗೆ 300 ಅಂತಿಟ್ಕೊಳ್ಳಿ. ಲೈನಿಂಗ್ ಬಟ್ಟೆಗೆ 60, ದಾರ, ಹುಕ್ಕು, ಪೈಪಿಂಗ್‌ಗೆ 20 ಹೋದರೆ ಉಳಿಯೋದು 220. ಹೊಸಬರಿಗೆ ಅದು ಅರ್ಧ ದಿನದ ದುಡಿಮೆ. ನೆಂಟರು 100 ಕೊಟ್ಟು ಹೋದರೆ ನಿಮ್ಮ ಅರ್ಧ ದಿನಕ್ಕೆ ಸಿಕ್ಕಿದ್ದು 20 ರೂಪಾಯಿ. ಯಾವ ಕಳೆ ಕೀಳೋ ಕೂಲಿಗೂ ಅಷ್ಟಕ್ಕೆ ಯಾರೂ ಬರಲ್ಲ. ಇದು ಕೂಲಿ ಕಣಮ್ಮ, ಉಪಕಾರ ಅಲ್ಲ. ಕೇಳಿ ಇಸ್ಕೊಳ್ಳಿ.

ಪ್ರಶ್ನೆ (ಮದ್ದೂರು):
ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ಬರೀ ತೋಳು ಕೂರಿಸೋ ಕೆಲಸ ಮಾಡಿದೀನಿ. ಬಿಟ್ಟು ಮನೇಲೇ ಹೊಲೀಬಹುದಾ?

ಉತ್ತರ:
ಖಂಡಿತ. ರವಿಕೇಲಿ ಕಷ್ಟದ ಜಾಗವೇ ತೋಳು, ಅದು ನಿಮ್ಮ ಕೈಯಲ್ಲಿ ಕೂತಿದೆ. ವೇಗ, ಸಮ ಹೊಲಿಗೆನೂ ಇದೆ. ಕಟಿಂಗ್ ಮಾತ್ರ ಕಲೀಬೇಕು. ಮೈಸೂರಿನ ರುಡ್‌ಸೆಟ್ ಥರದ ಗ್ರಾಮೀಣ ಸ್ವಉದ್ಯೋಗ ಸಂಸ್ಥೆಗಳಲ್ಲಿ ತರಬೇತಿ ಉಚಿತ, ಊಟ ವಸತಿಯೂ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಆ ಮಾದರಿಯನ್ನೇ ಆಮೇಲೆ ದೇಶದ ಜಿಲ್ಲೆಗಳಿಗೆಲ್ಲ ತಂದರು. ಮುಂದಿನ ಹೊಲಿಗೆ ಬ್ಯಾಚ್ ಯಾವಾಗ ಅಂತ ಮೊದಲು ಫೋನ್ ಮಾಡಿ ಕೇಳ್ಕೊಳ್ಳಿ. ಕಟಿಂಗ್ ಬರೋವರೆಗೂ ಸಂಬಳ ಬಿಡಬೇಡಿ.

ಪ್ರಶ್ನೆ (ನಂಜನಗೂಡು):
ವಿಶ್ವಕರ್ಮ ಯೋಜನೆಯಲ್ಲಿ ಮಿಷಿನ್ ಕೊಡಿಸ್ತೀನಿ ಅಂತ ಒಬ್ಬರು 2000 ಕೇಳ್ತಿದಾರೆ. ಕೊಡಲಾ?

ಉತ್ತರ:
ಒಂದು ರೂಪಾಯಿನೂ ಕೊಡಬೇಡಿ, ನೋಂದಣಿ ಉಚಿತ. ಕೇಂದ್ರ ಸರ್ಕಾರದ ಈ ಯೋಜನೆ ಶುರುವಾಗಿದ್ದು 2023ರ ಸೆಪ್ಟೆಂಬರ್ 17ಕ್ಕೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಮನೆಗೆ ಒಬ್ಬರಿಗೆ ಮಾತ್ರ. ಹೊಸ ಅರ್ಜಿ ತಗೊಳ್ತಿದ್ದರೆ, ಸಿಎಸ್‌ಸಿ ಕೇಂದ್ರದಲ್ಲಿ (ಸರ್ಕಾರಿ ಅರ್ಜಿ ಆನ್‌ಲೈನಲ್ಲಿ ಹಾಕಿಕೊಡೋ ಕಡೆ) ಅರ್ಜಿ ಹಾಕಿದರೆ ಪಂಚಾಯ್ತಿಯಿಂದ ಪರಿಶೀಲನೆ ಆಗುತ್ತೆ. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದವರೆಗೆ ಸಿಗುತ್ತೆ. ಆಮೇಲೆ ಬೇಕಿದ್ದರೆ ಶೇ. 5ರ ಬಡ್ಡಿಗೆ ಮೊದಲ ಕಂತು 1 ಲಕ್ಷದವರೆಗೆ ಸಾಲ. ನನ್ನ ಮಾತು ಕೇಳೋದಾದರೆ, ಗಿರಾಕಿ ಹಿಡಿಯೋವರೆಗೂ ಸಾಲ ಮುಟ್ಟಬೇಡಿ.

ಪ್ರಶ್ನೆ (ಪಾಂಡವಪುರದವರೇ ಮತ್ತೆ):
ಅಕ್ಕ, ಅಮ್ಮನ ಹಳೇ ಹತ್ತಿ ಸೀರೆ ತೆಗೆದಿಟ್ಟಿದೀನಿ. ಎದೆ ಸುತ್ತಳತೆ 38. ಕತ್ತು ಎಷ್ಟು ಇಳಿಸಲಿ?

ಉತ್ತರ:
38ರ ಕಾಲು ಭಾಗ ಒಂಬತ್ತೂವರೆ ಇಂಚು, ಅದರ ಮೇಲೆ ಒಳಗೆ ಬಿಡೋ ಬಟ್ಟೆಗೆ ಒಂದೂವರೆ ಸೇರಿಸಿ. ಕತ್ತು ಹಿಂದೆ ಮುಂದೆ ಎರಡೂ ಕಡೆ 6 ಇಂಚಿಗೇ ನಿಲ್ಲಿಸಿ, ಸಾಲದಿದ್ದರೆ ಆಮೇಲೆ ಇಳಿಸೋಣ. ಹೊಲಿದಾದ ಮೇಲೆ ರವಿಕೆ ಒಳಮಗ್ಗುಲು ತಿರುಗಿಸಿ ಫೋಟೋ ಹಾಕಿ, ನಾನು ನೋಡಬೇಕಿರೋದು ಆ ಕಡೆ.